ಗುಡ್ಡೆಯ ಹುಲ್ಲು, ಊರಿನ ಗಂಟಿ

(ಬ್ಲಾಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹೊಸ ಬೀಜ, ಹೊಸ ಗೊಬ್ಬರ, ಹೊಸ ಯಂತ್ರಗಳ ವಿಚಾರವನ್ನು ಇಂತಹ ಸಭೆಗಳಲ್ಲಿ ತಾವು ಬಹಳ ಸಲ ಕೇಳಿದ್ದೀರಿ. ಇಂದು ನಾನು ಹೇಳಲು ಬಂದಿರುವುದು ಹೊಸ ವಸ್ತುವಿನ ವಿಚಾರವಲ್ಲ. ನಮ್ಮ ಮನೆಯ ಹಿಂದೆಯೇ ಇರುವ, ಆದರೆ ಈಚೆಗೆ ಯಾರೂ ತಿರುಗಿ ನೋಡದ ಒಂದು ಆಸ್ತಿಯ ವಿಚಾರ. ಅದು ಊರ ಗುಡ್ಡೆ. ಕಾಗದಪತ್ರದಲ್ಲಿ ಅದಕ್ಕೆ ಗೋಮಾಳವೆಂದೋ ಸರಕಾರಿ ಜಾಗವೆಂದೋ ಹೆಸರಿರಬಹುದು. ನಾವು ಹಾಡಿ, ಹಕ್ಕಲು, ಗುಡ್ಡೆ, ಪಾರೆ ಎಂದು ಕರೆಯುತ್ತೇವೆ. ಯಾರೊಬ್ಬರದೂ ಅಲ್ಲದ, ಆದಕಾರಣ ಎಲ್ಲರದೂ ಆದ ಜಾಗ ಅದು.

ಈ ಜಾಗವನ್ನು ಹಸನಾಗಿಡುವ ಕೆಲಸವನ್ನು ಬಹುಕಾಲ ನಮ್ಮ ಗಂಟಿಗಳೇ ಮಾಡುತ್ತಿದ್ದುವು. ಈಗ ಆ ಕೆಲಸ ನಿಂತಿದೆ. ನಿಂತದ್ದರ ಫಲವೇನೆಂಬುದನ್ನೂ, ಮತ್ತೆ ಅದನ್ನು ಕ್ರಮವಾಗಿ ಹೇಗೆ ನಡೆಸಬಹುದೆಂಬುದನ್ನೂ ತಮ್ಮ ಮುಂದಿಡುತ್ತೇನೆ.

ಒಂದು ಬೆಂಕಿಯ ಕಥೆ

ಮೊದಲು ನಮ್ಮೂರಿನಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳ ಒಂದು ಮಧ್ಯಾಹ್ನ, ಗುಡ್ಡೆಯ ಮೇಲೆ ಹೊಗೆ ಕಾಣಿಸಿಕೊಂಡಿತು. ಬೀಡಿಯ ಕಿಡಿಯೋ, ಕಸಕ್ಕೆ ಕೊಟ್ಟ ಬೆಂಕಿಯೋ, ಇಂದಿಗೂ ಗೊತ್ತಾಗಿಲ್ಲ. ನಾನು ಹುಡುಗನಾಗಿದ್ದಾಗ ಅದೇ ಗುಡ್ಡೆಗೆ ಬೆಂಕಿ ಬಿದ್ದುದುಂಟು. ಸೊಪ್ಪಿನ ಗೆಲ್ಲು ಹಿಡಿದು ನಾಲ್ಕು ಮಂದಿ ಬಡಿದರೆ ಆರುತ್ತಿತ್ತು. ಏಕೆಂದರೆ ಆಗ ಹುಲ್ಲು ಪಾದ ಮುಚ್ಚುವಷ್ಟೂ ಇರುತ್ತಿರಲಿಲ್ಲ. ಈ ಸಲ ಮುಳಿಹುಲ್ಲು ಸೊಂಟದೆತ್ತರ ಒಣಗಿ ನಿಂತಿತ್ತು, ನಡುನಡುವೆ ಪೊದೆ. ಗಾಳಿ ಕಡಲ ಕಡೆಯಿಂದ ಎದ್ದಿತು. ಬೆಂಕಿಯ ಹತ್ತಿರ ಹೋಗಲು ಯಾರಿಂದಲೂ ಆಗಲಿಲ್ಲ. ಅದು ಇಳಿಜಾರು ದಾಟಿ ಒಂದು ಮನೆಯ ಅಂಗಳದಲ್ಲಿದ್ದ ಹುಲ್ಲಿನ ಕುತ್ರಿಗೆ ತಗಲಿತು. ಜನರಿಗೂ ಹಟ್ಟಿಯ ದನಗಳಿಗೂ ಅಪಾಯವಾಗಲಿಲ್ಲವೆಂಬುದೇ ಸಮಾಧಾನ. ವರ್ಷದ ಬೈಹುಲ್ಲು ಮಾತ್ರ ಒಂದು ಗಳಿಗೆಯಲ್ಲಿ ಬೂದಿಯಾಯಿತು.

ಮರುದಿನ ಆ ಮನೆಯ ಅಂಗಳದಲ್ಲಿ ಕೂಡಿದ್ದಾಗ ಹಿರಿಯರೊಬ್ಬರು ಒಂದು ಮಾತು ಹೇಳಿದರು: ಹಿಂದೆ ಆ ಹುಲ್ಲು ದನದ ಹೊಟ್ಟೆಗೆ ಹೋಗುತ್ತಿತ್ತು, ಈಗ ಬೆಂಕಿಯ ಹೊಟ್ಟೆಗೆ ಹೋಗುತ್ತದೆ, ಬೆಳೆಯುವುದಂತೂ ನಿಂತಿಲ್ಲ. ಈ ಭಾಷಣದ ಸಾರವೆಲ್ಲ ಆ ಮಾತಿನಲ್ಲಿದೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಸುರಿಯುತ್ತದೆ. ಇಷ್ಟು ಮಳೆ ಬೀಳುವ ನೆಲ ಸುಮ್ಮನೆ ಇರುವುದಿಲ್ಲ. ಅದರ ಮೇಲೆ ಏನಾದರೊಂದು ಬೆಳೆದೇ ತೀರುತ್ತದೆ. ಬೆಳೆದುದನ್ನು ಯಾರು ತಿನ್ನಬೇಕೆಂಬುದನ್ನು ನಾವು ನಿಶ್ಚಯಿಸದಿದ್ದರೆ ಬೆಂಕಿ ನಿಶ್ಚಯಿಸುತ್ತದೆ.

ಹಿಂದಿನ ಏರ್ಪಾಡು

ನಮ್ಮ ಹಿರಿಯರ ಬೇಸಾಯವನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಬೈಲಿನ ಗದ್ದೆಯಲ್ಲಿ ಜೂನ್ ತಿಂಗಳಲ್ಲಿ ಕಾರ್ತಿ ಬೆಳೆಯ ನೇಜಿ. ಅಲ್ಲಿಂದ ಕೊಯ್ಲಿನ ತನಕ ದನ ಬೈಲಿಗೆ ಇಳಿಯುವಂತಿಲ್ಲ. ಸರಿಯಾಗಿ ಅದೇ ಕಾಲದಲ್ಲಿ ಗುಡ್ಡೆಯ ಮೇಲೆ ಹುಲ್ಲು ಚಿಗುರುತ್ತದೆ. ಗಂಟಿ ಗುಡ್ಡೆ ಹತ್ತುತ್ತಿದ್ದುವು, ಗದ್ದೆ ಸುರಕ್ಷಿತವಾಗಿರುತ್ತಿತ್ತು. ಕೊಯ್ಲಾಗಿ ದೀಪಾವಳಿ ಕಳೆಯುವ ಹೊತ್ತಿಗೆ ಗುಡ್ಡೆಯ ಹುಲ್ಲು ಒರಟಾಗುತ್ತದೆ. ಆಗ ಗಂಟಿ ಕೊಯ್ದ ಗದ್ದೆಯ ಕೂಳೆಗೆ ಇಳಿಯುತ್ತಿದ್ದುವು. ಹಾಡಿಯ ಸೊಪ್ಪು, ತರಗೆಲೆ ಹಟ್ಟಿಯ ಹಾಸಾಗಿ, ಗೊಬ್ಬರವಾಗಿ, ಮತ್ತೆ ಗದ್ದೆಗೆ ಬರುತ್ತಿತ್ತು. ಗುಡ್ಡೆಯಲ್ಲಿ ಮೇದ ದನ ರಾತ್ರಿ ಹಟ್ಟಿಯಲ್ಲಿ ಸೆಗಣಿ ಹಾಕುತ್ತಿತ್ತು. ಎಂದರೆ ಗುಡ್ಡೆಯ ಸಾರವನ್ನು ಹೊತ್ತು ಗದ್ದೆಗೆ ತರುವ ಆಳು ದನವೇ ಆಗಿತ್ತು. ಬೇಲಿಯ ಖರ್ಚಿಲ್ಲದೆ ಗದ್ದೆ ಕಾಯುವುದು, ಮೇವಿನ ಖರ್ಚಿಲ್ಲದೆ ದನ ಸಾಕುವುದು, ಆಳಿನ ಖರ್ಚಿಲ್ಲದೆ ಗುಡ್ಡೆ ಸವರುವುದು, ಈ ಮೂರೂ ಒಂದೇ ಏರ್ಪಾಡಿನಲ್ಲಿ ನಡೆಯುತ್ತಿದ್ದುವು.

ಈ ಕೆಲಸಕ್ಕೆ ನಮ್ಮ ಊರ ದನ ಹೇಳಿಮಾಡಿಸಿದಂತಹುದು. ಈಗ ಅದನ್ನು ಮಲೆನಾಡು ಗಿಡ್ಡ ಎಂಬ ಹೆಸರಿನಲ್ಲಿ ದೇಶದ ಮಾನ್ಯ ತಳಿಗಳ ಪಟ್ಟಿಗೆ ಸೇರಿಸಿದ್ದಾರೆ. ಮೈ ಚಿಕ್ಕದು, ಗೊರಸು ಗಟ್ಟಿ, ಮಳೆಗೆ ಅಂಜುವುದಿಲ್ಲ, ಮುರಕಲ್ಲಿನ ಪಾರೆಯ ಸಂದಿಯ ಹುಲ್ಲನ್ನೂ ಬಿಡುವುದಿಲ್ಲ. ಹಾಲು ಕಡಿಮೆ ಎಂಬುದು ನಿಜ. ಆದರೆ ಹಾಲೊಂದೇ ಅದರ ದುಡಿಮೆಯಲ್ಲ.

ಆ ಏರ್ಪಾಡು ಏತಕ್ಕೆ ಮುರಿಯಿತು? ಯಾರೊಬ್ಬರ ತಪ್ಪಿನಿಂದಲೂ ಅಲ್ಲ. ದನ ಕಾಯುತ್ತಿದ್ದ ಹುಡುಗರು ಶಾಲೆಗೆ ಹೋದರು, ಅದು ಒಳ್ಳೆಯದೇ ಆಯಿತು. ಯುವಕರು ಮುಂಬಯಿಗೂ ಬೆಂಗಳೂರಿಗೂ ಹೋಟೆಲು ಕೆಲಸಕ್ಕೆ ಹೋದರು. ಉಳುವ ಕೋಣ ಎತ್ತುಗಳ ಜಾಗಕ್ಕೆ ಟಿಲ್ಲರು ಬಂತು. ಹಾಲಿನ ಸೊಸೈಟಿ ಬಂದ ಮೇಲೆ ಮಿಶ್ರತಳಿಯ ಹಸು ಬಂತು; ಅದನ್ನು ಹಟ್ಟಿಯಲ್ಲೇ ಕಟ್ಟಿ ಸಾಕುತ್ತೇವೆ. ಗುಡ್ಡೆಗಳಲ್ಲಿ ಕೆಲವು ಗೇರು ತೋಟವಾದುವು, ಕೆಲವು ಅಕೇಶಿಯಾ ನೆಡುತೋಪುಗಳಾದುವು. ಉಳಿದುವು ಹೇಳುವವರು ಕೇಳುವವರಿಲ್ಲದೆ ಬಿದ್ದಿವೆ.

ದನ ಬಿಟ್ಟರೆ ಹಾಳು, ಬಿಡದಿದ್ದರೂ ಹಾಳು

ಹೀಗೆಂದ ಕೂಡಲೆ ಒಬ್ಬರು ಎದ್ದು ಕೇಳಬಹುದು: "ಹ್ವಾಯ್, ಗಂಟಿ ಬಿಟ್ರೆ ಗುಡ್ಡೆ ಹಾಳಾತ್ತಲ್ದಾ?" ಕೇಳಬೇಕಾದ ಪ್ರಶ್ನೆಯೇ ಹೌದು. ದನವನ್ನು ಕ್ರಮವಿಲ್ಲದೆ ಬಿಟ್ಟರೆ ಗುಡ್ಡೆ ಹಾಳಾಗುವುದು ನಿಜ.

ಹುಲ್ಲಿನ ಸ್ವಭಾವವನ್ನು ನೋಡಿ. ಗಿಡದ ಕುಡಿ ತುದಿಯಲ್ಲಿರುತ್ತದೆ; ಹುಲ್ಲಿನ ಕುಡಿ ಬುಡದಲ್ಲಿರುತ್ತದೆ. ಆದುದರಿಂದ ದನ ಮೇಲಿನ ಎಲೆಯನ್ನು ತಿಂದರೆ ಹುಲ್ಲು ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ಚಿಗುರಲು ಬೇಕಾದ ಶಕ್ತಿ ಬೇರಿನಿಂದಲೂ ಉಳಿದ ಎಲೆಯಿಂದಲೂ ಬರಬೇಕು. ಚಿಗುರಿದಂತೆಲ್ಲ ಬುಡದವರೆಗೆ ಮೇಯಿಸಿದರೆ ಬೇರು ಬಡವಾಗಿ ಹುಲ್ಲು ಸಾಯುತ್ತದೆ. ಒಳ್ಳೆಯ ಹುಲ್ಲು ಸತ್ತ ಜಾಗಕ್ಕೆ ದನ ಮುಟ್ಟದ ಗಿಡಗಳು ಬರುತ್ತವೆ. ಚಗಟೆ ಸೊಪ್ಪು ಆಸಾಡಿಯಲ್ಲಿ ನಮ್ಮ ಊಟಕ್ಕೆ ರುಚಿಯೇ ಸರಿ. ಆದರೆ ಗೋಮಾಳದ ತುಂಬ ಚಗಟೆಯೇ ಕಂಡರೆ ಅಲ್ಲಿ ಮೇವು ಮಿತಿ ಮೀರಿದೆಯೆಂದು ತಿಳಿಯಬೇಕು. ಹಸಿ ಇಳಿಜಾರಿನಲ್ಲಿ ಒಂದೇ ದಾರಿಯಾಗಿ ದನ ನಡೆದರೆ ಆ ದಾರಿಯೇ ತೋಡಾಗಿ ಮಣ್ಣು ಕೊಚ್ಚಿಹೋಗುತ್ತದೆ.

ಇನ್ನು ದನವನ್ನು ಬಿಡದೆಯೇ ಇದ್ದರೆ? ಹಳೆಯ ಹುಲ್ಲು ಒಣಗಿ ಹಾಸಿ ಬಿದ್ದು ಹೊಸ ಕುಡಿಗೆ ಬೆಳಕು ಸಿಗುವುದಿಲ್ಲ. ಪೊದೆ ಏಳುತ್ತದೆ. ಕೆಲವರು ಕಮ್ಯುನಿಸ್ಟ್ ಗಿಡವೆಂದು ಕರೆಯುವ ಯುಪಟೋರಿಯಂ, ಲಂಟಾನ, ಇವು ಒಮ್ಮೆ ನೆಲ ಹಿಡಿದರೆ ಹುಲ್ಲಿಗೆ ಜಾಗವಿಲ್ಲ. ಪೊದೆಯಲ್ಲಿ ಹಂದಿ ಮರಿ ಹಾಕುತ್ತದೆ; ರಾತ್ರಿ ಗದ್ದೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಬೆಂಕಿ. ಬೆಂಕಿಯ ಮೇಲೆ ಹಸುರು ಚಿಗುರು ಬರುವುದನ್ನು ಕಂಡು ಕೆಲವರು ಅದನ್ನು ಒಳ್ಳೆಯದೆಂದುಕೊಳ್ಳುತ್ತಾರೆ. ವರ್ಷ ವರ್ಷ ಸುಟ್ಟ ನೆಲದಲ್ಲಿ ಒರಟು ಹುಲ್ಲೇ ಉಳಿಯುತ್ತದೆ. ಬೋಳಾದ ಮಣ್ಣನ್ನು ಜೂನ್ ತಿಂಗಳ ಮೊದಲ ಮಳೆಯೇ ಹೊಳೆಗೆ ಒಯ್ಯುತ್ತದೆ.

ದನವನ್ನು ಪೂರ್ತಿ ತಡೆದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ನಿದರ್ಶನವಿದೆ. ರಾಜಸ್ಥಾನದ ಭರತಪುರದಲ್ಲಿ ಕೇವಲದೇವ ಘನಾ ಎಂಬ, ಸುಮಾರು ೨೯ ಚದರ ಕಿಲೋಮೀಟರ್ ವಿಸ್ತಾರದ ಪಕ್ಷಿಧಾಮವಿದೆ. ಸುತ್ತಣ ಹಳ್ಳಿಗಳ ಎಮ್ಮೆ ದನಗಳು ಅಲ್ಲಿ ತಲತಲಾಂತರದಿಂದ ಮೇಯುತ್ತಿದ್ದುವು. ಅವು ಹಕ್ಕಿಗಳಿಗೆ ಕೇಡೆಂದು ಭಾವಿಸಿ ೧೯೮೨ರಲ್ಲಿ ಮೇವನ್ನು ನಿಲ್ಲಿಸಿದರು. ಹಳ್ಳಿಯವರ ವಿರೋಧದಲ್ಲಿ ಜೀವಹಾನಿಯೂ ಆಯಿತು. ಆಮೇಲೆ ಆದುದೇನು? ಎಮ್ಮೆಗಳು ತಿನ್ನುತ್ತಿದ್ದ ಒಂದು ಜಾತಿಯ ನೀರುಹುಲ್ಲು ಕೆರೆಗಳನ್ನೆಲ್ಲ ಮುಚ್ಚಿತು. ನೀರಹಕ್ಕಿಗಳಿಗೆ ಬೇಕಾದ ತೆರೆದ ನೀರೇ ಕಡಿಮೆಯಾಯಿತು. ಅಲ್ಲಿ ಹತ್ತು ವರ್ಷ ಅಭ್ಯಾಸ ನಡೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು, ಆ ಜೌಗು ನೆಲ ಚೆನ್ನಾಗಿರಲು ಎಮ್ಮೆಗಳ ಮೇವು ಸಹಾಯಕವೇ ಆಗಿತ್ತೆಂದು ಕಂಡುಕೊಂಡರು. ಕೆರೆಯ ಹುಲ್ಲಿಗೂ ಗುಡ್ಡೆಯ ಹುಲ್ಲಿಗೂ ವ್ಯತ್ಯಾಸವುಂಟು. ಆದರೆ ಪಾಠ ಒಂದೇ: ಮೇವಿಗೆ ಹೊಂದಿಕೊಂಡು ಬಂದ ನೆಲದಿಂದ ಮೇವನ್ನು ಥಟ್ಟನೆ ತೆಗೆದರೆ ನೆಲ ಬೇರೆಯೇ ರೂಪ ತಾಳುತ್ತದೆ.

ಕ್ರಮವೆಂದರೆ ಏನು?

ಆದುದರಿಂದ ದನ ಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಎಷ್ಟು ದನ, ಯಾವ ತಿಂಗಳು, ಯಾವ ಭಾಗದಲ್ಲಿ ಎಂಬುದೇ ಪ್ರಶ್ನೆ. ಇದಕ್ಕೂ ನಾವು ಹೊರಗಿನವರ ಹತ್ತಿರ ಹೋಗಿ ಕಲಿಯಬೇಕಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳಿಗಾಗಿ ಕಾವಲುಗಳೆಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವನ್ನು ವಿಂಗಡಿಸಿ, ಕಾಲಕ್ಕೆ ಸರಿಯಾಗಿ ಹಿಂಡನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಒಂದು ಕಾವಲು ಮೇವು ಕೊಡುತ್ತಿರುವಾಗ ಉಳಿದುವು ಚೇತರಿಸಿಕೊಳ್ಳುತ್ತಿದ್ದುವು. ನಮ್ಮ ಹತ್ತಿಪ್ಪತ್ತು ಎಕರೆಯ ಗುಡ್ಡೆಗೂ ಇದೇ ನ್ಯಾಯ ಸಲ್ಲುತ್ತದೆ.

ಮೊದಲು ಲೆಕ್ಕ ಮಾಡೋಣ. ಅಕ್ಟೋಬರ್ ತಿಂಗಳಲ್ಲಿ, ದನ ಮುಟ್ಟದ ಕಡೆ, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಜಾಗದ ಹುಲ್ಲನ್ನು ಕೊಯ್ದು ಚೆನ್ನಾಗಿ ಒಣಗಿಸಿ ತೂಗಿ ನೋಡಿರಿ. ನಾಲ್ಕೈದು ಕಡೆ ಹೀಗೆ ಮಾಡಿ ಸರಾಸರಿ ತೆಗೆಯಿರಿ. ೩೦೦ ಗ್ರಾಂ ಬಂತೆಂದಿಟ್ಟುಕೊಳ್ಳೋಣ. ಒಂದು ಎಕರೆಗೆ ಸುಮಾರು ೪,೦೦೦ ಚದರ ಮೀಟರ್; ಎಂದರೆ ಎಕರೆಗೆ ೧,೨೦೦ ಕಿಲೋ ಒಣ ಹುಲ್ಲು. ಅದರಲ್ಲಿ ಅರ್ಧ ದನಕ್ಕೆ, ಅರ್ಧ ನೆಲಕ್ಕೆ. ದನಕ್ಕೆ ಉಳಿದುದು ೬೦೦ ಕಿಲೋ. ದನವು ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡೂವರೆ ಪಾಲಿನಷ್ಟು ಒಣ ಮೇವು ತಿನ್ನುತ್ತದೆಂದು ಲೆಕ್ಕ. ೧೨೦ ಕಿಲೋ ತೂಗುವ ಗಿಡ್ಡ ಹಸುವಿಗೆ ದಿನಕ್ಕೆ ೩ ಕಿಲೋ ಸಾಕು. ಎಂದರೆ ಒಂದು ಎಕರೆ ಹುಲ್ಲು ಒಂದು ಹಸುವಿಗೆ ೨೦೦ ದಿನಕ್ಕೆ ಬಂತು. ಹತ್ತು ಎಕರೆಯ ಗುಡ್ಡೆ ೨೦ ಹಸುಗಳನ್ನು ೧೦೦ ದಿನ ಮೇಯಿಸುತ್ತದೆ. ಮೂರರಲ್ಲಿ ಒಂದು ಭಾಗಕ್ಕೆ ವಿಶ್ರಾಂತಿ ಕೊಡುವುದಾದರೆ ೧೩ ಹಸು. ಅದೇ ೩೬೦ ಕಿಲೋ ತೂಗುವ ಮಿಶ್ರತಳಿಯ ಹಸುವಿಗೆ ದಿನಕ್ಕೆ ೯ ಕಿಲೋ ಬೇಕು. ಅದೊಂದನ್ನು ಮೂರು ಗಿಡ್ಡಗಳೆಂದು ಎಣಿಸಬೇಕು. ಲೆಕ್ಕ ಮಾಡದೆ, ಇದ್ದವರೆಲ್ಲ ಇದ್ದಷ್ಟನ್ನು ಅಟ್ಟಿದರೆ ಮೊದಲ ತಿಂಗಳಲ್ಲೇ ಗುಡ್ಡೆ ಬೋಳಾಗುತ್ತದೆ.

ಲೆಕ್ಕವಾದ ಮೇಲೆ ಕ್ರಮ. ಇದನ್ನು ಆರು ಅಂಶಗಳಲ್ಲಿ ಹೇಳುತ್ತೇನೆ.

೧. ಗುಡ್ಡೆಯನ್ನು ಮೂರು ಭಾಗ ಮಾಡಬೇಕು. ದಾರಿ, ತೋಡು, ದೊಡ್ಡ ಮರ, ಪಾರೆ ಇವನ್ನೇ ಗಡಿಯಾಗಿ ಇಟ್ಟುಕೊಂಡರೆ ಬೇಲಿ ಬೇಕಾಗುವುದಿಲ್ಲ.

೨. ಜೂನ್, ಜುಲೈ ತಿಂಗಳಲ್ಲಿ ಇಡೀ ಗುಡ್ಡೆಗೆ ರಜೆ. ಆಸಾಡಿಯ ಜಡಿಮಳೆಯಲ್ಲಿ ಎಳೆ ಹುಲ್ಲಿಗೆ ಗೊರಸು ತಗಲಬಾರದು, ಮೆತ್ತಗಾದ ಇಳಿಜಾರನ್ನು ತುಳಿಯಬಾರದು. ಆ ಎರಡು ತಿಂಗಳಿಗೆ ಬೈಹುಲ್ಲು ಮತ್ತು ತೋಟದ ಹಸಿಹುಲ್ಲನ್ನು ಮೊದಲೇ ಯೋಚಿಸಿ ಇಟ್ಟುಕೊಳ್ಳಬೇಕು.

೩. ಆಗಸ್ಟಿನಿಂದ ನವೆಂಬರದ ತನಕ ಮೊದಲನೆಯ ಮತ್ತು ಎರಡನೆಯ ಭಾಗಗಳಲ್ಲಿ ಸರದಿಯ ಮೇಲೆ ಮೇಯಿಸಬೇಕು. ಹುಲ್ಲು ನಾಲ್ಕು ಬೆರಳು ಎತ್ತರಕ್ಕೆ ಇಳಿದ ಕೂಡಲೆ ಹಿಂಡನ್ನು ಪಕ್ಕದ ಭಾಗಕ್ಕೆ ತಿರುಗಿಸಬೇಕು. ಮೇಲೆ ಹುಲ್ಲಿದೆಯೆಂದು ಕಣ್ಣು ಹೇಳಿದರೂ ಬೆರಳಿನ ಅಳತೆಯನ್ನೇ ನಂಬಿರಿ.

೪. ಮೂರನೆಯ ಭಾಗ ಆ ವರ್ಷ ಬೀಜ ಕಟ್ಟಲು ಮೀಸಲು. ಬೀಜ ಉದುರಿದ ಮೇಲೆ, ಡಿಸೆಂಬರಿನಲ್ಲಿ, ಅಲ್ಲಿನ ಹುಲ್ಲನ್ನು ಕೊಯ್ದು ಹಂಚಿಕೊಳ್ಳಬೇಕು. ಹಟ್ಟಿಗೆ ಹಾಸಲು, ತೆಂಗು ಅಡಿಕೆಯ ಬುಡಕ್ಕೆ ಮುಚ್ಚಲು ಅದು ಬರುತ್ತದೆ. ಕೊಯ್ಯದೆ ಬಿಟ್ಟರೆ ಅದೇ ಬೆಂಕಿಗೆ ಸೌದೆ. ಮುಂದಿನ ವರ್ಷ ಭಾಗಗಳು ಬದಲಾಗಬೇಕು.

೫. ಮನೆಗಳ ಕಡೆಯ ಅಂಚಿನಲ್ಲಿ ಸುಮಾರು ಮೂವತ್ತು ಅಡಿ ಅಗಲದ ಪಟ್ಟಿಯನ್ನು ಡಿಸೆಂಬರಿನೊಳಗೆ ಸವರಿ, ತರಗೆಲೆ ಗುಡಿಸಿ ಚೊಕ್ಕಟವಾಗಿಡಬೇಕು. ಬೆಂಕಿ ಅಲ್ಲಿಗೆ ಬಂದು ನಿಲ್ಲಬೇಕು.

೬. ಯುಪಟೋರಿಯಂ ಮತ್ತು ಲಂಟಾನಗಳನ್ನು ದನ ತಿನ್ನುವುದಿಲ್ಲ. ಈ ಮಾತನ್ನು ಮರೆಯಬಾರದು. ದನ ಹುಲ್ಲನ್ನು ಮಾತ್ರ ತಿಂದು ಕಳೆಯನ್ನು ಬಿಟ್ಟರೆ, ಕೊನೆಗೆ ಕಳೆಗೇ ಜಯ. ಆದುದರಿಂದ ಮನುಷ್ಯನ ಕೈಯೂ ಸೇರಬೇಕು. ಯುಪಟೋರಿಯಂ ಚಳಿಗಾಲದಲ್ಲಿ ಹೂ ಬಿಟ್ಟು ಗಾಳಿಯಲ್ಲಿ ಬೀಜ ತೂರುತ್ತದೆ. ಹೂವಿಗೆ ಮೊದಲು, ನೆಲ ಇನ್ನೂ ಹಸಿಯಿರುವಾಗ, ಬೇರುಸಹಿತ ಕೀಳಬೇಕು. ಹೂವಾದ ಮೇಲೆ ಕಡಿದರೆ ಬೀಜವನ್ನು ನಾವೇ ಬಿತ್ತಿದಂತೆ.

ಹೊಸದಾಗಿ ಗಿಡ ನೆಟ್ಟ ಕಡೆ, ಸಸಿಗಳು ದನದ ಬಾಯಿಗೆ ಎಟುಕದಷ್ಟು ಎತ್ತರವಾಗುವ ತನಕ ದನ ಬಿಡಕೂಡದು. ನೇರಳೆ, ಕರಂಡೆ ಮೊದಲಾದುವು ಹಕ್ಕಲಿನಲ್ಲಿ ತಾವಾಗಿ ಹುಟ್ಟುತ್ತವೆ. ಅಲ್ಲೊಂದು ಇಲ್ಲೊಂದು ಸಸಿಗೆ ಮುಳ್ಳು ಕಟ್ಟಿ ಬೆಳೆಸಿದರೆ ದನಕ್ಕೆ ನೆರಳು, ಮಕ್ಕಳಿಗೆ ಹಣ್ಣು.

ಕಾಯುವವರಾರು?

ಇದೇ ಗಟ್ಟಿ ಪ್ರಶ್ನೆ. ಮನೆಮನೆಗೆ ಒಬ್ಬ ಹುಡುಗನಿದ್ದ ಕಾಲ ಹೋಯಿತು; ಅದನ್ನು ಮರಳಿ ತರಬೇಕೆಂದು ಯಾರೂ ಬಯಸಬಾರದು. ಆದರೆ ಹತ್ತು ಮನೆಯ ಇಪ್ಪತ್ತು ದನಕ್ಕೆ ಹತ್ತು ಮಂದಿ ಬೇಕಾಗಿಲ್ಲ, ಒಬ್ಬರು ಸಾಕು. ಹತ್ತು ಮನೆಯವರು ಕೂಡಿ, ದನಕ್ಕೆ ಇಷ್ಟೆಂದು ತಿಂಗಳ ವಂತಿಗೆ ಹಾಕಿ, ಒಬ್ಬರಿಗೆ ಮರ್ಯಾದೆಯ ಕೂಲಿ ಕೊಟ್ಟು ಕಾಯಿಸಬಹುದು. ಹಿಂಡಿಗೂ ಕೊಂಡ ಬೈಹುಲ್ಲಿಗೂ ನಾವು ಈಗ ತೆರುತ್ತಿರುವ ಹಣದೊಡನೆ ಈ ವಂತಿಗೆಯನ್ನು ಹೋಲಿಸಿ ನೋಡಿರಿ. ಕೊಯ್ಲಿನ ಯಂತ್ರ ಬಂದ ಮೇಲೆ ಬೈಹುಲ್ಲು ಮೊದಲಿನಂತೆ ಉದ್ದವಾಗಿ ಕೈಗೆ ಸಿಗುವುದಿಲ್ಲವೆಂಬುದನ್ನೂ ತಾವು ಬಲ್ಲಿರಿ.

ಊರೊಟ್ಟಿನ ಜಾಗಕ್ಕೆ ವಂತಿಗೆ ಎಂಬುದು ಹೊಸ ಮಾತೇನಲ್ಲ. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ನ್ಯೂ ಫಾರೆಸ್ಟ್ ಎಂಬ ಪ್ರದೇಶವಿದೆ. ಅಲ್ಲಿ ಸುತ್ತಣ ಊರವರಿಗೆ ಕುದುರೆ, ದನಗಳನ್ನು ಮೇಯಲು ಬಿಡುವ ಹಕ್ಕು ಹಿಂದಿನಿಂದ ನಡೆದುಬಂದಿದೆ. ಹಕ್ಕುದಾರರು ವರ್ಷವರ್ಷವೂ ಪ್ರಾಣಿಗೆ ಇಷ್ಟೆಂದು ಶುಲ್ಕ ಕೊಡುತ್ತಾರೆ. ಮೇಲ್ವಿಚಾರಕರು ಪ್ರಾಣಿಗಳ ಯೋಗಕ್ಷೇಮ ನೋಡುತ್ತಾರೆ. ಶುಲ್ಕ ಸಂದ ಕುದುರೆಯ ಬಾಲದ ಕೂದಲನ್ನು ಗುರುತಿಗಾಗಿ ಕತ್ತರಿಸುತ್ತಾರೆ. ಅಲ್ಲಿಯ ತೆರೆದ ಬಯಲು ಬಯಲಾಗಿಯೇ ಉಳಿದಿರುವುದು ಈ ಪ್ರಾಣಿಗಳ ಬಾಯಿಯಿಂದ. ಹಕ್ಕಿನ ಜೊತೆಗೆ ಲೆಕ್ಕವೂ ಇದ್ದರೆ ಊರೊಟ್ಟಿನ ಜಾಗ ನೂರಾರು ವರ್ಷ ಬಾಳುತ್ತದೆಂಬುದಕ್ಕೆ ಅದು ಸಾಕ್ಷಿ.

ಇನ್ನೊಂದು ಲಾಭವೂ ಇದೆ. ಕಾರ್ತಿ ಕೊಯ್ಲಿನ ಮೇಲೆ ಬೈಲಿನಲ್ಲಿ ಉದ್ದು, ನೆಲಗಡಲೆ ಹಾಕುತ್ತಿದ್ದವರಲ್ಲಿ ಅನೇಕರು ಬಿಟ್ಟುಬಿಟ್ಟಿದ್ದಾರೆ. ಕಾರಣ ಕೇಳಿದರೆ, ಬೀಡಾಡಿ ದನದ ಕಾಟವೆನ್ನುತ್ತಾರೆ. ಕಾಯುವವರಿರುವ ಹಿಂಡು ಗದ್ದೆಗೆ ನುಗ್ಗುವುದಿಲ್ಲ. ಗುಡ್ಡೆಯ ಕ್ರಮ ಸರಿಯಾದರೆ ಬೈಲಿನ ಎರಡನೆಯ ಬೆಳೆಯೂ ಮರಳಿ ಬರಬಹುದು.

ಎಚ್ಚರಿಕೆಯ ಮಾತು

ಘಟ್ಟದ ಬುಡದ ಊರುಗಳವರಿಗೆ, ಕೊಲ್ಲೂರು, ಅಮಾಸೆಬೈಲು, ಸಿದ್ದಾಪುರದ ಕಡೆಯವರಿಗೆ, ಒಂದು ವಿಶೇಷ ಮಾತು. ನಾನು ಹೇಳುತ್ತಿರುವುದು ಊರ ಗುಡ್ಡೆಯ ವಿಚಾರವೇ ಹೊರತು ಕಾಡಿನ ವಿಚಾರವಲ್ಲ. ಮಂಗನ ಕಾಯಿಲೆ ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾಯಿತು. ಅದು ಉಣ್ಣಿಯಿಂದ ಹರಡುವ ರೋಗ. ಬಲಿತ ಉಣ್ಣಿಗಳು ಕಾಡಿನಲ್ಲಿ ಮೇಯುವ ದನದ ರಕ್ತ ಕುಡಿದು ಸಂತತಿ ಹೆಚ್ಚಿಸಿಕೊಳ್ಳುತ್ತವೆ. ಮರಿ ಉಣ್ಣಿಗಳು ಮನುಷ್ಯನಿಗೆ ಕಚ್ಚುತ್ತವೆ. ಡಿಸೆಂಬರಿನಿಂದ ಮೇ ತನಕ ಅಪಾಯ ಹೆಚ್ಚು. ಆದುದರಿಂದ ದನವನ್ನು ಕಾಡಿಗೆ ಅಟ್ಟಬೇಡಿರಿ. ಬೇಸಿಗೆಯಲ್ಲಂತೂ ಕೂಡದೇ ಕೂಡದು. ಮಂಗ ಸತ್ತುಬಿದ್ದುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ದನದ ಮೈಯ ಉಣ್ಣಿಗೆ ಪಶುವೈದ್ಯರು ಹೇಳುವ ಔಷಧಿಯನ್ನು ಕಾಲಕಾಲಕ್ಕೆ ಹಾಕಿಸಿರಿ.

ಹತ್ತು ಹಟ್ಟಿಯ ದನ ಒಂದು ಕಡೆ ಕೂಡುವಾಗ ಒಂದರ ರೋಗ ಇನ್ನೊಂದಕ್ಕೆ ಬರುತ್ತದೆ. ಕಾಲುಬಾಯಿ ಜ್ವರ, ಗಳಲೆ ರೋಗ, ಚರ್ಮಗಂಟು ರೋಗಗಳಿಗೆ ಚುಚ್ಚುಮದ್ದು ಹಾಕಿಸದ ದನವನ್ನು ಹಿಂಡಿಗೆ ಸೇರಿಸಬಾರದು. ಇದನ್ನು ಮೊದಲ ದಿನವೇ ಕಟ್ಟುನಿಟ್ಟಾಗಿ ಮಾಡಿಕೊಳ್ಳಬೇಕು. ನೆರೆಹೊರೆಯ ದಾಕ್ಷಿಣ್ಯ ಇಲ್ಲಿ ಸಲ್ಲದು.

ಜಾಗ ಯಾರದು?

ಕೊನೆಯದಾಗಿ ಕಾಯಿದೆಯ ಮಾತು. ಊರ ದನದ ಮೇವಿಗೆಂದು ಸರಕಾರಿ ಜಾಗವನ್ನು ಮೀಸಲಿಡಲು ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯಲ್ಲಿ ಅವಕಾಶವಿದೆ. ೧೯೬೬ರ ನಿಯಮಗಳು ೧೦೦ ದನಗಳಿಗೆ ೧೨ ಹೆಕ್ಟೇರ್ ಎಂದು ಪ್ರಮಾಣವನ್ನೂ ಹೇಳಿವೆ. ನಮ್ಮ ಲೆಕ್ಕದಲ್ಲಿ ದನವೊಂದಕ್ಕೆ ೩೦ ಸೆಂಟ್ಸ್ ಆಯಿತು. ನಾವು ಮೊದಲು ಮಾಡಿದ ಲೆಕ್ಕದ ಪ್ರಕಾರ ೩೦ ಸೆಂಟ್ಸಿನ ಹುಲ್ಲು ಗಿಡ್ಡ ಹಸುವೊಂದಕ್ಕೆ ೬೦ ದಿನಕ್ಕೆ ಮಾತ್ರ. ಗೋಮಾಳವೊಂದರಿಂದಲೇ ವರ್ಷದ ಮೇವು ನಡೆಯದೆಂಬುದು ಇದರಿಂದ ತಿಳಿಯುತ್ತದೆ. ಎರಡು ತಿಂಗಳ ಮೇವು ಪುಕ್ಕಟೆಯಾಗಿ ಸಿಗುವುದೂ ಸಣ್ಣ ಮಾತಲ್ಲ.

ನಮ್ಮ ಕರಾವಳಿಯಲ್ಲಿ ಇದಲ್ಲದೆ ಕುಮ್ಕಿ ಎಂಬುದೊಂದಿದೆ. ಹಳೆಯ ವರ್ಗ ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಸೌದೆಗಳನ್ನು ಬೇಸಾಯಕ್ಕೂ ಮನೆಬಳಕೆಗೂ ತೆಗೆದುಕೊಳ್ಳುವ ಸೌಲಭ್ಯವದು. ಗೋಮಾಳ ಬೇರೆ, ಕುಮ್ಕಿ ಬೇರೆ, ಮೀಸಲು ಅರಣ್ಯ ಬೇರೆ. ಒಂದರ ನಿಯಮ ಇನ್ನೊಂದಕ್ಕೆ ಸಲ್ಲುವುದಿಲ್ಲ. ಆದುದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಊರಿನ ನಕಾಶೆಯನ್ನೂ ಪಹಣಿಯನ್ನೂ ತೆಗೆಸಿ, ನಮ್ಮ ಗುಡ್ಡೆ ಯಾವ ಜಾತಿಗೆ ಸೇರಿದೆಯೆಂದು ನೋಡುವುದು. ಗೇರು ತೋಟವಾಗಲಿ ಅರಣ್ಯ ಇಲಾಖೆಯ ನೆಡುತೋಪಾಗಲಿ ಇದ್ದರೆ ಅವರ ಅನುಮತಿಯಿಲ್ಲದೆ ದನ ನುಗ್ಗಿಸಬಾರದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಉಪಯೋಗವಿಲ್ಲದೆ ಬಿದ್ದ ಜಾಗದ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಇಂದು ಒಬ್ಬರು ಬೇಲಿಯನ್ನು ಹತ್ತು ಅಡಿ ಮುಂದೆ ಹಾಕುತ್ತಾರೆ, ನಾಳೆ ಇನ್ನೊಬ್ಬರು ಕಸ ತಂದು ಸುರಿಯುತ್ತಾರೆ, ನಾಡಿದ್ದು ಯಾರೋ ಮುರಕಲ್ಲು ಕೀಳಲು ತೊಡಗುತ್ತಾರೆ. ಊರೊಟ್ಟಿನ ಜಾಗಗಳ ಒತ್ತುವರಿಯನ್ನು ತೆರವು ಮಾಡಿ ಊರಿಗೆ ಮರಳಿಸಬೇಕೆಂದು ೨೦೧೧ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿದೆ. ತೀರ್ಪು ಒಳ್ಳೆಯದೇ. ಆದರೆ ದಿನಾಲೂ ಇಪ್ಪತ್ತು ದನ, ಒಬ್ಬ ಕಾಯುವವನು ಓಡಾಡುವ ಗುಡ್ಡೆಗೆ ರಾತ್ರೋರಾತ್ರಿ ಬೇಲಿ ಬೀಳುವುದು ಕಷ್ಟ. ಬಳಕೆಯೇ ಊರೊಟ್ಟಿನ ಜಾಗಕ್ಕೆ ದೊಡ್ಡ ಕಾವಲು.

ಈ ವರ್ಷವೇ ಆರಂಭಿಸಿರಿ

ರೈತ ಬಾಂಧವರೇ, ಊರಿನ ಎಲ್ಲ ಗುಡ್ಡೆಗಳನ್ನೂ ಒಂದೇ ವರ್ಷದಲ್ಲಿ ಸರಿಮಾಡಬೇಕೆಂದು ನಾನು ಹೇಳುವುದಿಲ್ಲ. ಒಂದು ಗುಡ್ಡೆ, ಹತ್ತು ಮನೆ, 'ಇಷ್ಟೇ ದನ' ಎಂದು ನಿಶ್ಚಯಿಸಿ ಒಂದು ವರ್ಷ ನಡೆಸಿ ನೋಡಿರಿ. ಗ್ರಾಮಸಭೆಯಲ್ಲಿ ವಿಷಯವನ್ನು ಎತ್ತಿ ಠರಾವು ಮಾಡಿಸಿರಿ. ಪಶುವೈದ್ಯರನ್ನೂ ಗ್ರಾಮ ಆಡಳಿತಾಧಿಕಾರಿಗಳನ್ನೂ ಆ ದಿನ ಕರೆಯಿರಿ. ಒಂದು ಪುಸ್ತಕವಿಟ್ಟು ಯಾವ ತಾರೀಖಿಗೆ ಯಾವ ಭಾಗಕ್ಕೆ ಎಷ್ಟು ದನ ಹೋಯಿತು, ಎಂದು ತಿರುಗಿಸಲಾಯಿತು ಎಂಬುದನ್ನು ಬರೆಯಿರಿ. ಶಾಲೆಯ ಮಕ್ಕಳು ಸಂತೋಷದಿಂದ ಬರೆದುಕೊಡುತ್ತಾರೆ. ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಒಂದು ಮೀಟರ್ ಹುಲ್ಲು ಕೊಯ್ದು ತೂಗಿದರೆ, ನಮ್ಮ ಕ್ರಮ ಸರಿಯೋ ತಪ್ಪೋ ಎಂಬುದನ್ನು ತಕ್ಕಡಿಯೇ ಹೇಳುತ್ತದೆ.

ಆ ಫೆಬ್ರವರಿಯ ಬೆಂಕಿಯ ಮೇಲೆ ನಮ್ಮೂರಿನ ಏಳು ಮನೆಯವರು ಕೂಡಿ, ಮೊದಲ ಕೆಲಸವಾಗಿ ಮನೆಗಳ ಕಡೆಯ ಅಂಚನ್ನು ಸವರಿದೆವು. ಮರುವರ್ಷ ಹನ್ನೊಂದು ದನಗಳನ್ನು ಒಟ್ಟಿಗೆ ಬಿಟ್ಟೆವು. ಮೊದಲ ವರ್ಷ ಜಗಳವೂ ಆಯಿತು. ಒಬ್ಬರ ದನ ಹೆಚ್ಚು, ಒಬ್ಬರ ವಂತಿಗೆ ಕಡಿಮೆ ಎಂದು. ಪುಸ್ತಕ ಇಟ್ಟ ಮೇಲೆ ಜಗಳ ತಗ್ಗಿತು. ಕಳೆ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಬೆಂಕಿ ಆ ಅಂಚನ್ನು ದಾಟಿ ಮತ್ತೆ ಕೆಳಗೆ ಇಳಿದಿಲ್ಲ. ಕುತ್ರಿ ಕಳೆದುಕೊಂಡ ಆ ಮನೆಯವರು ಈಗ ಬೇಸಿಗೆಯ ಮಧ್ಯಾಹ್ನ ನಿಶ್ಚಿಂತೆಯಿಂದ ಮಲಗುತ್ತಾರೆ.

ದೀಪಾವಳಿಯ ದಿನ ದನದ ಮೈ ತೊಳೆದು, ಕೊರಳಿಗೆ ಹೂವು ಹಾಕಿ, ಹಟ್ಟಿಯಲ್ಲಿ ದೀಪ ಹಚ್ಚಿ ಪೂಜೆ ಮಾಡುವವರು ನಾವು. ಆ ಪೂಜೆಯ ಮರುದಿನ ದನಕ್ಕೆ ಹೋಗಲು ಒಂದು ಗುಡ್ಡೆಯೂ ಇರಲಿ.